ಲಿನಕ್ಸ್‌ನಲ್ಲಿ ರೆಕಾರ್ಡಿಂಗ್: ಚಟಪಟ ಸದ್ದಿನ ಮೂಲ ಹುಡುಕುವುದು ಹೇಗೆ?

ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡಲು ಕೂತಿದ್ದೀರಿ ಎಂದುಕೊಳ್ಳಿ. ಭಾಗವತರು ಪದ ಎತ್ತಿದ್ದಾರೆ, ಮದ್ದಳೆ ಕೂಡಿಕೊಂಡಿದೆ, ಚಂಡೆಯ ಪೆಟ್ಟು ಬೀಳುತ್ತಿದ್ದಂತೆ ಹೆಡ್‌ಫೋನಿನಲ್ಲಿ ‘ಚಟ್’ ಎನ್ನುತ್ತದೆ. ಇನ್ನೊಮ್ಮೆ ಹಾಡಿಸಿದರೆ ಬೇರೆ ಜಾಗದಲ್ಲಿ ಚಟ್. ಆಗ ಹೆಚ್ಚಿನವರು ಸಿಕ್ಕ ಹತ್ತು ಸಲಹೆಗಳನ್ನು ಒಟ್ಟಿಗೇ ಪ್ರಯೋಗಿಸುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾಗುತ್ತದೆ, ಸೆಟ್ಟಿಂಗ್ ಫೈಲುಗಳು ಬೆಳೆಯುತ್ತವೆ, ಚಟಪಟ ಮಾತ್ರ ಅಲ್ಲೇ ಇರುತ್ತದೆ. ಕಿವಿಗೆ ಒಂದೇ ಥರ ಕೇಳುವ ಈ ಸದ್ದು ಬೇರೆ ಬೇರೆ ಮೂಲಗಳಿಂದ ಬರುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಮೊದಲ ಕೆಲಸ ಮೂಲ ಯಾವುದೆಂದು ಗುರುತಿಸುವುದು. ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು.

ಇಲ್ಲಿ ಬರುವ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು.

ಹಂಡೆ ಬರಿದಾದರೆ ಚಟ್

ಕಂಪ್ಯೂಟರ್ ಸದ್ದನ್ನು ಒಂದೊಂದೇ ಸ್ಯಾಂಪಲ್ (ಒಂದು ಕ್ಷಣದ ಸದ್ದಿನ ಅಳತೆ) ಆಗಿ ಕಳಿಸುವುದಿಲ್ಲ, ಕಟ್ಟು ಕಟ್ಟಾಗಿ ಕಳಿಸುತ್ತದೆ. ಈ ಕಟ್ಟು ಬಂದು ಬೀಳುವ ಜಾಗವೇ ಬಫರ್. ಬಚ್ಚಲ ಹಂಡೆಯ ಬುಡದಲ್ಲಿ ಒಂದು ನಲ್ಲಿ ಇದೆ, ಅದು ಎಂದೂ ನಿಲ್ಲುವುದಿಲ್ಲ ಎಂದು ಭಾವಿಸಿ. ಮೇಲಿನಿಂದ ಒಬ್ಬರು ಕೊಡದಲ್ಲಿ ನೀರು ತಂದು ಸುರಿಯುತ್ತಿರಬೇಕು. ಕೊಡ ಬರುವುದು ಒಂದು ಗಳಿಗೆ ತಡವಾದರೂ ಹಂಡೆ ಬರಿದಾಗಿ ನಲ್ಲಿಯ ಧಾರೆ ಕಡಿಯುತ್ತದೆ. ಆ ಕಡಿತವೇ ಎಕ್ಸ್‌ರನ್. ಸೆಕೆಂಡಿಗೆ 48,000 ಸ್ಯಾಂಪಲ್ ವೇಗದಲ್ಲಿ 256ರ ಬಫರ್ ಇಟ್ಟರೆ 5.3 ಮಿಲಿಸೆಕೆಂಡಿಗೊಂದು ಕೊಡ ಬರಬೇಕು. 128ಕ್ಕೆ ಇಳಿಸಿದರೆ 2.7, 64ಕ್ಕೆ ಇಳಿಸಿದರೆ 1.3, 1024ಕ್ಕೆ ಏರಿಸಿದರೆ 21.3 ಮಿಲಿಸೆಕೆಂಡು.

ಗಮನಿಸಿ, ಇಲ್ಲಿ ತೊಂದರೆ ಹೊರುವವರ ಶಕ್ತಿಯದ್ದಲ್ಲ, ಸಮಯದ್ದು. ಸೆಕೆಂಡಿಗೆ ಸಾವಿರ ಕೊಡ ಹೊರಬಲ್ಲ ಪ್ರೊಸೆಸರ್ ಕೂಡ ಒಂದೇ ಒಂದು ಸಲ 6 ಮಿಲಿಸೆಕೆಂಡು ಬೇರೆ ಕೆಲಸದಲ್ಲಿ ಸಿಕ್ಕಿಬಿದ್ದರೆ 256ರ ಹಂಡೆ ಬರಿದಾಗುತ್ತದೆ. ಅದಕ್ಕೇ ದುಬಾರಿ ಹೊಸ ಲ್ಯಾಪ್‌ಟಾಪಿನಲ್ಲಿ ಚಟಪಟ ಬಂದು, ಹತ್ತು ವರ್ಷ ಹಳೆಯ ಡೆಸ್ಕ್‌ಟಾಪಿನಲ್ಲಿ ಬಾರದೆ ಇರುವುದುಂಟು. ಸಿಪಿಯು ಬಳಕೆ ಶೇ 25 ಮಾತ್ರ ಎಂದು ತೋರಿಸಿದರೂ ಸಮಾಧಾನಪಡಬೇಡಿ. ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ತುಂಬಿ ಮೂರು ಖಾಲಿ ಕೂತಿದ್ದರೂ ಲೆಕ್ಕ ಶೇ 25 ಎಂದೇ ಬರುತ್ತದೆ.

ತರಂಗವನ್ನು ಹಿಗ್ಗಿಸಿ ನೋಡಿ

ಚಟ್ ಎಂದ ಜಾಗ ರೆಕಾರ್ಡ್ ಆದ ಫೈಲಿನಲ್ಲಿ ಇದೆಯೋ ಇಲ್ಲವೋ? ಅದೇ ಜಾಗವನ್ನು ಮೂರು ಸಲ ನುಡಿಸಿ. ಮೂರು ಸಲವೂ ಅದೇ ಕ್ಷಣದಲ್ಲಿ ಬಂದರೆ ಸದ್ದು ಫೈಲಿನೊಳಗೆ ಕೂತಿದೆ. ಪ್ರತಿ ಸಲ ಜಾಗ ಬದಲಾದರೆ ಫೈಲು ಸರಿಯಿದೆ, ಕೇಳಿಸುವ ಹಂತದಲ್ಲಿ ಕಡಿಯುತ್ತಿದೆ.

ಫೈಲಿನಲ್ಲೇ ಇದ್ದರೆ ಆರ್ಡರ್ ಅಥವಾ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಆ ಜಾಗವನ್ನು ಸ್ಯಾಂಪಲ್ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವವರೆಗೆ ಹಿಗ್ಗಿಸಿ. ಎಕ್ಸ್‌ರನ್ ಆಗಿದ್ದರೆ ನುಣುಪಾಗಿ ಹೋಗುತ್ತಿದ್ದ ಗೆರೆ ಗರಗಸದಲ್ಲಿ ಕೊಯ್ದಂತೆ ನೇರ ಕಡಿದು ಬೇರೆ ಎತ್ತರದಲ್ಲಿ ಮುಂದುವರಿಯುತ್ತದೆ, ಇಲ್ಲವೇ ಸ್ವಲ್ಪ ಹೊತ್ತು ಸೊನ್ನೆಯ ಮೇಲೆ ಮಲಗುತ್ತದೆ. ಚಂಡೆಯ ಪೆಟ್ಟು ಮೈಕಿನ ಸದ್ದು ಹಿಗ್ಗಿಸುವ ಪ್ರಿಆಂಪ್‌ನ ಮಿತಿ ದಾಟಿದ್ದರೆ ಅಲೆಯ ನೆತ್ತಿ ಕತ್ತಿಯಲ್ಲಿ ಸವರಿದಂತೆ ಚಪ್ಪಟೆಯಾಗಿರುತ್ತದೆ. ಇದಕ್ಕೂ ಲಿನಕ್ಸ್‌ಗೂ ಸಂಬಂಧವೇ ಇಲ್ಲ. ಗೇನ್ (ಹಿಗ್ಗಿಸುವ ಮಟ್ಟ) ತಗ್ಗಿಸಿ, ಚಂಡೆಯ ಅತಿ ಜೋರಿನ ಪೆಟ್ಟು ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಇಷ್ಟು ಜಾಗ ಬಿಟ್ಟರೆ ಏನೂ ನಷ್ಟವಿಲ್ಲ. ಇನ್ನು ಗೆರೆ ಕಡಿಯದೆ, ನೆತ್ತಿ ಚಪ್ಪಟೆಯಾಗದೆ, ಒಂದೇ ಮೈಕಿನ ಟ್ರ್ಯಾಕ್‌ನಲ್ಲಿ ಮಾತ್ರ ಅಡ್ಡಾದಿಡ್ಡಿ ಮುಳ್ಳುಗಳೆದ್ದಿದ್ದರೆ ಆ ಮೈಕ್, ಅದರ ಕೇಬಲ್ ಅಥವಾ ಆ ಚಾನೆಲ್ ಮೇಲೆ ಸಂಶಯಪಡಬೇಕು. ಅದಕ್ಕೆ ಕೊನೆಯಲ್ಲಿ ಬರೋಣ.

ಚಟ್ ಎನ್ನುವುದು ಗಡಿಯಾರ ನೋಡಿಕೊಂಡಂತೆ ಸಮ ಅಂತರದಲ್ಲಿ ಬರುವ ಇನ್ನೊಂದು ಬಗೆಯೂ ಇದೆ. ಯುಎಸ್‌ಬಿ ಮೈಕಿನಲ್ಲಿ ರೆಕಾರ್ಡ್ ಮಾಡುತ್ತ, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ ಕೇಳುವವರಿಗೆ ಇದು ಬರುತ್ತದೆ. ಎರಡು ಸಾಧನಗಳಲ್ಲೂ 48,000 ಎಂದೇ ಬರೆದಿರುತ್ತದೆ, ಆದರೆ ವೇಗ ಕಾಯುವ ಒಳಗಿನ ಎರಡು ಹರಳುಗಳು ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ ಸೆಕೆಂಡಿಗೆ 2.4 ಸ್ಯಾಂಪಲ್ ಏರುಪೇರು. 256ರ ಬಫರನ್ನು ಈ ವ್ಯತ್ಯಾಸ ಸುಮಾರು 107 ಸೆಕೆಂಡಿನಲ್ಲಿ ತಿಂದು ಮುಗಿಸುತ್ತದೆ, ಅಂದರೆ ಸುಮಾರು ಒಂದೂಮುಕ್ಕಾಲು ನಿಮಿಷಕ್ಕೊಮ್ಮೆ ಚಟ್. ಲಿನಕ್ಸ್‌ನಲ್ಲಿ ಸದ್ದನ್ನು ನಿರ್ವಹಿಸುವ ಪೈಪ್‌ವೈರ್ ಈ ಅಂತರವನ್ನು ತಾನೇ ಸರಿದೂಗಿಸುತ್ತದೆ. ಅದೇ ಕೆಲಸದ ಹಳೆಯ ವ್ಯವಸ್ಥೆಯಾದ ಜಾಕ್‌ನಲ್ಲಿ ಅದಕ್ಕೆಂದೇ ಜೀಟಾ ಎಂಬ ಸೇತುವೆಯ ತಂತ್ರಾಂಶ ಹಾಕಬೇಕು. ನಿಜವಾದ ಪರಿಹಾರ ಸರಳ: ಒಳಗೆ ಬರುವ ಸದ್ದೂ ಹೊರಗೆ ಹೋಗುವ ಸದ್ದೂ ಒಂದೇ ಆಡಿಯೊ ಇಂಟರ್‌ಫೇಸಿನಲ್ಲಿರಲಿ (ಮೈಕ್, ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ).

ಎಕ್ಸ್‌ರನ್ ಎಣಿಸುವುದು

ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಸದ್ದಿನ ಉಸ್ತುವಾರಿ ಪೈಪ್‌ವೈರ್‌ನದ್ದು. ವಿಮ್ ಟೇಮನ್ಸ್ ಕಟ್ಟಿದ ಈ ವ್ಯವಸ್ಥೆ 2021ರಲ್ಲಿ ಫೆಡೋರಾ 34ರ ಜೊತೆ ಸಾಮಾನ್ಯ ಬಳಕೆಗೆ ಬಂತು, 2023ರ ನವೆಂಬರಿನಲ್ಲಿ 1.0 ಆಯಿತು. ಪಾಲ್ ಡೇವಿಸ್ ಬರೆದ ಜಾಕ್‌ಗಾಗಿ ಮಾಡಿದ ತಂತ್ರಾಂಶಗಳು ಇದರ ಮೇಲೂ ಓಡುತ್ತವೆ.

ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯು-ಟಾಪ್’ ಓಡಿಸಿ. ಸಾಲುಸಾಲಾಗಿ ಸಾಧನಗಳು, ತಂತ್ರಾಂಶಗಳು ಕಾಣುತ್ತವೆ. ಕ್ವಾಂಟ್ ಎಂಬ ಅಂಕಣ ಬಫರ್ ಗಾತ್ರ, ರೇಟ್ ಎಂಬುದು ಸ್ಯಾಂಪಲ್ ವೇಗ. ಬಿ ಓರೆಗೆರೆ ಕ್ಯೂ ಎಂಬ ಅಂಕಣ, ಸಿಕ್ಕ ಸಮಯದಲ್ಲಿ ಎಷ್ಟು ಪಾಲು ಕೆಲಸಕ್ಕೆ ಹೋಯಿತು ಎಂದು ಹೇಳುತ್ತದೆ, 0.30 ಇದ್ದರೆ ಆರಾಮ, 0.80 ದಾಟಿದರೆ ಅಂಚಿನಲ್ಲಿದ್ದೀರಿ. ಇಆರ್‌ಆರ್ ಅಂಕಣವೇ ತಪ್ಪುಗಳ ಎಣಿಕೆ. ಕಿವಿಯಲ್ಲಿ ಚಟ್ ಎಂದಾಗಲೆಲ್ಲ ಈ ಅಂಕಿ ಏರಿದರೆ ಎಕ್ಸ್‌ರನ್ ಖಚಿತ. ಯಾವ ಸಾಲಿನಲ್ಲಿ ಏರುತ್ತಿದೆ ಎಂಬುದನ್ನೂ ನೋಡಿ: ಒಂದು ತಂತ್ರಾಂಶದ ಸಾಲಿನಲ್ಲಿ ಮಾತ್ರ ಏರಿದರೆ ತಡಮಾಡುತ್ತಿರುವುದು ಅದೇ. ಚಟ್ ಎಂದರೂ ಅಂಕಿ ಕದಲದಿದ್ದರೆ ಇಲ್ಲಿ ಹುಡುಕುವುದು ನಿಲ್ಲಿಸಿ ಕೇಬಲ್, ಮೈಕ್, ಕರೆಂಟಿನ ಕಡೆ ತಿರುಗಿ. ಆರ್ಡರ್‌ನಲ್ಲಿ ಎಕ್ಸ್‌ರನ್ ಆದ ಜಾಗಕ್ಕೆ ಗುರುತು ಹಾಕುವ ಆಯ್ಕೆ ಪ್ರಿಫರೆನ್ಸಸ್‌ನೊಳಗಿದೆ. ದಯವಿಟ್ಟು ಅದನ್ನು ಆನ್ ಮಾಡಿಡಿ. ಕಲಾವಿದರು ಎದ್ದು ಹೋದ ಮೇಲೆ ದೋಷ ಸಿಗುವುದಕ್ಕಿಂತ ಆಗಲೇ ಕಂಡು, ಆ ಪದವನ್ನು ಇನ್ನೊಮ್ಮೆ ಹಾಡಿಸಿಕೊಳ್ಳುವುದು ಒಳ್ಳೆಯದು.

ಎಕ್ಸ್‌ರನ್ ಎಂದು ಖಚಿತವಾದರೆ ಮೊದಲು ಬಫರ್ ಹೆಚ್ಚಿಸಿ. ‘ಪಿಡಬ್ಲ್ಯು-ಮೆಟಾಡೇಟಾ -ಎನ್ ಸೆಟ್ಟಿಂಗ್ಸ್ 0 ಕ್ಲಾಕ್.ಫೋರ್ಸ್-ಕ್ವಾಂಟಮ್ 1024’ ಎಂದು ಕೊಟ್ಟರೆ ಆ ಕ್ಷಣದಿಂದಲೇ 1024 ಆಗುತ್ತದೆ; ಕೊನೆಯ ಅಂಕಿಯನ್ನು 0 ಮಾಡಿದರೆ ಮೊದಲಿನಂತೆ. ಹೆಚ್ಚಿನವರು ಬೇಕಿಲ್ಲದೆ ಬಫರನ್ನು ತೀರಾ ಚಿಕ್ಕದಿಡುತ್ತಾರೆ. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ರಂಗಸ್ಥಳದಲ್ಲಿ ಭಾಗವತರಿಂದ ಎರಡು ಮೀಟರ್ ದೂರದಲ್ಲಿರುವ ಚಂಡೆಯವರಿಗೆ ಅವರ ಸ್ವರ ತಲುಪುವುದೇ 6 ಮಿಲಿಸೆಕೆಂಡು ತಡವಾಗಿ. ಕೀಬೋರ್ಡಿನಲ್ಲಿ ತಂತ್ರಾಂಶದ ವಾದ್ಯ ನುಡಿಸುವವರಿಗೆ ಮಾತ್ರ 128 ಅಥವಾ 256 ಬೇಕು. ಮೈಕಿನ ರೆಕಾರ್ಡಿಂಗ್‌ಗೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಬಳಸಿ. ಆಗ ಹಾಡುವವರ ಸ್ವರ ಕಂಪ್ಯೂಟರಿನೊಳಗೆ ಹೋಗದೆಯೇ ಅವರ ಹೆಡ್‌ಫೋನಿಗೆ ಬರುತ್ತದೆ, ಬಫರ್ 1024 ಇದ್ದರೂ ತಡ ಅನಿಸುವುದಿಲ್ಲ. ಮಿಕ್ಸಿಂಗ್ ಮಾಡುವಾಗ 1024ಕ್ಕಿಂತ ಕಡಿಮೆ ಇಡುವುದಕ್ಕೆ ಕಾರಣವೇ ಇಲ್ಲ.

1024ರಲ್ಲೂ ಕಡಿಯುತ್ತಿದ್ದರೆ ಎಲ್ಲೋ ಗಟ್ಟಿ ಅಡ್ಡಿ ಇದೆ.

ಸದ್ದಿನ ಕೆಲಸಕ್ಕೆ ಆದ್ಯತೆಯ ಪರವಾನಗಿ ಸಿಕ್ಕಿದೆಯೇ ನೋಡಿ. ‘ಯುಲಿಮಿಟ್ -ಆರ್’ ಎಂದಾಗ 0 ಬಂದರೆ ನಿಮ್ಮ ಖಾತೆಗೆ ಆ ಹಕ್ಕಿಲ್ಲ. ಪೈಪ್‌ವೈರ್ ಆರ್‌ಟಿಕಿಟ್ ಎಂಬ ಸೇವೆಯ ಮೂಲಕ ಹೇಗೋ ಪಡೆದುಕೊಂಡೀತು, ಆದರೆ ಉಳಿದ ತಂತ್ರಾಂಶಗಳು ಪೇಟೆಯ ಸರತಿಯಲ್ಲಿ ನಿಂತಂತೆ ಕಾಯುತ್ತವೆ. ಇಟಿಸಿ ಫೋಲ್ಡರಿನ ಸೆಕ್ಯುರಿಟಿಯೊಳಗೆ ಲಿಮಿಟ್ಸ್.ಡಿ ಎಂಬ ಫೋಲ್ಡರಿದೆ. ಅದರಲ್ಲಿ ಆಡಿಯೊ.ಕಾನ್ಫ್ ಎಂಬ ಫೈಲು ಮಾಡಿ ಎರಡು ಸಾಲು ಬರೆಯಿರಿ: ‘@ಆಡಿಯೊ - ಆರ್‌ಟಿಪ್ರಿಯೊ 95’ ಮತ್ತು ‘@ಆಡಿಯೊ - ಮೆಮ್‌ಲಾಕ್ ಅನ್‌ಲಿಮಿಟೆಡ್’. ನಂತರ ‘ಸುಡೊ ಯೂಸರ್‌ಮಾಡ್ -ಎಜಿ ಆಡಿಯೊ’ ಎಂದು ಬರೆದು ಮುಂದೆ ನಿಮ್ಮ ಬಳಕೆದಾರ ಹೆಸರು ಸೇರಿಸಿ. ಇದರಲ್ಲಿ ‘ಎ’ ಸಣ್ಣಕ್ಷರ, ‘ಜಿ’ ದೊಡ್ಡಕ್ಷರ. ಆ ‘ಎ’ ಬಿಟ್ಟುಹೋದರೆ ನಿಮ್ಮ ಉಳಿದ ಗುಂಪುಗಳೆಲ್ಲ ಕಳಚಿಹೋಗಿ ಸುಡೊ ಹಕ್ಕೂ ಕೈತಪ್ಪಬಹುದು. ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಈಗ 95 ಕಾಣಬೇಕು.

ಮುಂದಿನದು ವಿದ್ಯುತ್ ಉಳಿತಾಯ. ಮಲೆನಾಡಿನಲ್ಲಿ ಇದಕ್ಕೆ ಹೆಚ್ಚು ತೂಕ ಕೊಡಬೇಕು. ಪ್ರೊಸೆಸರ್ ಕೆಲಸ ಕಡಿಮೆಯಾದಾಗ ವೇಗ ಇಳಿಸಿ ತೂಕಡಿಸುತ್ತದೆ, ಕೆಲಸ ಬಂದಾಗ ಎದ್ದು ವೇಗ ಹಿಡಿಯಲು ಸಮಯ ತೆಗೆದುಕೊಳ್ಳುತ್ತದೆ. ‘ಪವರ್‌ಪ್ರೊಫೈಲ್ಸ್‌ಸಿಟಿಎಲ್ ಸೆಟ್ ಪರ್ಫಾರ್ಮೆನ್ಸ್’ ಅಥವಾ ‘ಸುಡೊ ಸಿಪಿಯುಪವರ್ ಫ್ರೀಕ್ವೆನ್ಸಿ-ಸೆಟ್ -ಜಿ ಪರ್ಫಾರ್ಮೆನ್ಸ್’ ಎಂದರೆ ಅದು ತೂಕಡಿಸುವುದು ಕಡಿಮೆಯಾಗುತ್ತದೆ. ಆದರೆ ಮಳೆಗಾಲದ ಸಂಜೆ ಮರ ಬಿದ್ದು ಕರೆಂಟು ಹೋಗುತ್ತದಲ್ಲ, ಆ ಕ್ಷಣ ಲ್ಯಾಪ್‌ಟಾಪ್ ಬ್ಯಾಟರಿಗೆ ಹೊರಳುತ್ತದೆ. ಬ್ಯಾಟರಿ ಉಳಿಸುವ ಟಿಎಲ್‌ಪಿ ಎಂಬ ತಂತ್ರಾಂಶ ಇದ್ದರೆ ಅದು ಬ್ಯಾಟರಿಯ ನಿಯಮಗಳನ್ನು ಹೇರುತ್ತದೆ: ವೇಗ ಇಳಿಯುತ್ತದೆ, ಸೌಂಡ್ ಚಿಪ್ಪನ್ನು ಮಲಗಿಸುವ ಆಟ ಶುರುವಾಗುತ್ತದೆ. ಕರೆಂಟಿದ್ದಾಗ ಒಂದೂ ಎಕ್ಸ್‌ರನ್ ಇಲ್ಲದೆ, ಹೋದ ಮೇಲೆ ಸುರಿಮಳೆಯಾದರೆ ಕಾರಣ ಹೆಚ್ಚಾಗಿ ಇದೇ. ಇಟಿಸಿಯೊಳಗಿನ ಟಿಎಲ್‌ಪಿ.ಕಾನ್ಫ್ ಫೈಲಿನಲ್ಲಿ ‘ಸಿಪಿಯು_ಸ್ಕೇಲಿಂಗ್_ಗವರ್ನರ್_ಆನ್_ಬ್ಯಾಟ್’ ಎಂಬುದಕ್ಕೆ ಪರ್ಫಾರ್ಮೆನ್ಸ್ ಎಂದೂ ‘ಸೌಂಡ್_ಪವರ್_ಸೇವ್_ಆನ್_ಬ್ಯಾಟ್’ ಎಂಬುದಕ್ಕೆ 0 ಎಂದೂ ಕೊಡಿ. ಇದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ. ರೆಕಾರ್ಡಿಂಗ್ ಯಂತ್ರಕ್ಕೆ ಅದು ತೆರಬೇಕಾದ ಬೆಲೆ.

ಹಾಡು ಶುರುವಾಗುವಾಗ, ಮುಗಿದ ಕೆಲವು ಸೆಕೆಂಡಿಗೆ ‘ಟಪ್’ ಎಂದು ಒಂದೇ ಪೆಟ್ಟು ಬಂದರೆ ಅದು ಲ್ಯಾಪ್‌ಟಾಪಿನ ಒಳಗಿನ ಸೌಂಡ್ ಚಿಪ್ ಮಲಗುವ, ಏಳುವ ಸದ್ದು. ಇಟಿಸಿಯೊಳಗಿನ ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಕಾನ್ಫ್ ಫೈಲೊಂದು ಮಾಡಿ ‘ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0’ ಎಂದು ಹಾಕಿ ರೀಬೂಟ್ ಮಾಡಿದರೆ ನಿಲ್ಲುತ್ತದೆ.

ಯುಎಸ್‌ಬಿ ಇಂಟರ್‌ಫೇಸಿನವರು ‘ಎಲ್‌ಎಸ್‌ಯುಎಸ್‌ಬಿ -ಟಿ’ ಎಂದು ಕೊಟ್ಟರೆ ಯಾವ ಸಾಧನ ಯಾವ ಕೊಂಬೆಯಲ್ಲಿದೆ ಎಂದು ಮರದಂತೆ ಕಾಣುತ್ತದೆ. ಇಂಟರ್‌ಫೇಸ್ ಇರುವ ಕೊಂಬೆಯಲ್ಲೇ ವೆಬ್‌ಕ್ಯಾಮ್, ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ಬೇರೆ ಪೋರ್ಟಿಗೆ ಬದಲಿಸಿ. ಹಬ್ ಬೇಡ. ಕೇಬಲ್ ಒಂದೆರಡು ಮೀಟರ್ ಇದ್ದರೆ ಸಾಕು. ‘ಜರ್ನಲ್‌ಸಿಟಿಎಲ್ -ಕೆ -ಎಫ್’ ತೆರೆದಿಟ್ಟು ಕೆಲಸ ಮಾಡಿ. ಚಟ್ ಎಂದ ಹೊತ್ತಿಗೇ ಅಲ್ಲಿ ಯುಎಸ್‌ಬಿ ರೀಸೆಟ್ ಎಂಬ ಸಾಲು ಬಿದ್ದರೆ ಕೇಬಲ್, ಪೋರ್ಟ್ ಅಥವಾ ವಿದ್ಯುತ್ ಸಾಲದಿರುವುದು ಕಾರಣ, ಸೆಟ್ಟಿಂಗ್ ಅಲ್ಲ. ವೈಫೈ ನಡೆಸುವ ಚಾಲಕ ತಂತ್ರಾಂಶವೂ ಪ್ರೊಸೆಸರನ್ನು ಹಿಡಿದುಕೊಂಡು ಬಿಡದಿರುವುದುಂಟು. ‘ಆರ್‌ಎಫ್‌ಕಿಲ್ ಬ್ಲಾಕ್ ವೈಫೈ’ ಎಂದು ಹತ್ತು ನಿಮಿಷ ನೋಡಿ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬರುವುದಿಲ್ಲ.

ಸದ್ದನ್ನು ತಿದ್ದುವ ಪ್ಲಗ್‌ಇನ್ ಎಂಬ ಕಿರು ತಂತ್ರಾಂಶಗಳಲ್ಲಿ ಒಂದು ವಿಚಿತ್ರ ತಿಳಿದಿರಲಿ. ಹಾಡು ಓಡುವಾಗ ಸರಿಯಿದ್ದು, ನಿಲ್ಲಿಸಿದ ಮೇಲೆ ರಿವರ್ಬ್‌ನ (ಅನುರಣನದ) ಬಾಲ ಆರುವಾಗ ಚಟಪಟ ಬಂದರೆ ಅದು ಡಿನಾರ್ಮಲ್ ತೊಂದರೆ. ಸೊನ್ನೆಗೆ ತೀರಾ ಹತ್ತಿರದ ಅತಿ ಸಣ್ಣ ಅಂಕಿಗಳನ್ನು ಲೆಕ್ಕ ಮಾಡಲು ಪ್ರೊಸೆಸರ್ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ಆರ್ಡರ್‌ನ ಪ್ರಿಫರೆನ್ಸಸ್‌ನಲ್ಲಿ ಇಂಥ ಅಂಕಿಗಳನ್ನು ಸೊನ್ನೆ ಎಂದೇ ಎಣಿಸುವ ಆಯ್ಕೆ ಇದೆ. ಉಳಿದಂತೆ, ಒಂದೇ ಬಸ್ (ಹಲವು ಟ್ರ್ಯಾಕ್‌ಗಳು ಕೂಡುವ ಸದ್ದಿನ ದಾರಿ) ಮೇಲೆ ಐದಾರು ಭಾರದ ಪ್ಲಗ್‌ಇನ್ ಸಾಲಾಗಿ ಪೇರಿಸಿದರೆ ಒಂದರ ಕೆಲಸ ಮುಗಿಯದೆ ಮುಂದಿನದು ಶುರುವಾಗದು, ಎಷ್ಟು ಕೋರ್ ಇದ್ದರೂ ಉಪಯೋಗವಿಲ್ಲ. ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಪ್ಲಗ್‌ಇನ್ ಸಮೇತದ ಸದ್ದನ್ನೇ ಫೈಲಾಗಿ ಉಳಿಸಿ.

ಡಿಸ್ಕ್ ಬಗ್ಗೆ ಹೆಚ್ಚು ಚಿಂತೆ ಬೇಡ. 24 ಟ್ರ್ಯಾಕ್‌ಗಳು 32 ಬಿಟ್‌ನಲ್ಲಿ ಓಡಿದರೂ ಸೆಕೆಂಡಿಗೆ 4.6 ಮೆಗಾಬೈಟ್ ಅಷ್ಟೇ. ರ‍್ಯಾಮ್ ಸಾಲದೆ ಸ್ವಾಪ್‌ಗೆ (ಡಿಸ್ಕನ್ನೇ ನೆನಪಿನಂತೆ ಬಳಸುವುದಕ್ಕೆ) ಇಳಿಯುವುದೇ ಅಪಾಯ: ‘ವಿಎಂಸ್ಟ್ಯಾಟ್ 1’ ಓಡಿಸಿದಾಗ ಎಸ್‌ಐ, ಎಸ್‌ಒ ಅಂಕಣಗಳು ಸೊನ್ನೆಯಲ್ಲೇ ಇರಬೇಕು.

ಎಲ್ಲರೂ ಮೊದಲು ಕೈಹಾಕುವ ಕರ್ನಲ್ ಬದಲಾವಣೆಯ ಸರದಿ ಈಗ, ಕೊನೆಗೆ. ಮೊದಲು ಕರ್ನಲ್ ಶುರುವಾಗುವಾಗ ಓದುವ ಬೂಟ್ ಸಾಲಿಗೆ ‘ಪ್ರಿಎಂಪ್ಟ್=ಫುಲ್’ ಮತ್ತು ‘ಥ್ರೆಡ್‌ಐಆರ್‌ಕ್ಯೂಸ್’ ಸೇರಿಸಿ ನೋಡಿ; ಹಲವರಿಗೆ ಇಷ್ಟೇ ಸಾಕಾಗುತ್ತದೆ. ತುರ್ತು ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಪ್ರೊಸೆಸರ್ ಬಿಟ್ಟುಕೊಡುವ ಪೂರ್ತಿ ರಿಯಲ್‌ಟೈಮ್ ಕರ್ನಲ್ ಎಷ್ಟೋ ವರ್ಷ ಹೊರಗಿನ ತೇಪೆಯಾಗಿತ್ತು. 2024ರ ನವೆಂಬರಿನಲ್ಲಿ ಬಂದ 6.12ರಿಂದ ಅದು ಮೂಲ ಕರ್ನಲ್‌ನೊಳಗೇ ಸೇರಿದೆ. ಬೇಕೋ ಬೇಡವೋ ಎಂದು ತೀರ್ಮಾನಿಸಲು, ಕೆಲಸ ಎಷ್ಟು ತಡವಾಗಿ ಶುರುವಾಗುತ್ತದೆ ಎಂದು ಅಳೆಯುವ ‘ಸೈಕ್ಲಿಕ್‌ಟೆಸ್ಟ್’ ಅನ್ನು ಹದಿನೈದು ನಿಮಿಷ ಓಡಲು ಬಿಟ್ಟು ಮ್ಯಾಕ್ಸ್ ಎಂಬಲ್ಲಿ ಬರುವ ಅಂಕಿ ನೋಡಿ, ಅದು ಮೈಕ್ರೊಸೆಕೆಂಡಿನಲ್ಲಿರುತ್ತದೆ. 200ರೊಳಗಿದ್ದರೆ ಕರ್ನಲ್ ತಪ್ಪಿಲ್ಲ. ರಿಯಲ್‌ಟೈಮ್ ಕರ್ನಲ್ ಹಾಕಿದ ಮೇಲೂ ಸಾವಿರಗಳಲ್ಲಿ ಬಂದರೆ, ಮದರ್‌ಬೋರ್ಡಿನ ಫರ್ಮ್‌ವೇರ್ ಕರ್ನಲ್‌ಗೂ ಹೇಳದೆ ಪ್ರೊಸೆಸರನ್ನು ಕಸಿದುಕೊಳ್ಳುತ್ತಿರಬಹುದು. ಬಯೋಸ್ ಅಪ್‌ಡೇಟ್ ಮಾಡಿ, ಅದರಲ್ಲಿರುವ ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ಆಫ್ ಮಾಡಿ ನೋಡುವುದಷ್ಟೇ ಉಳಿದ ದಾರಿ.

ಎಣಿಕೆ ಏರದೆ ಬರುವ ಚಟಪಟ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಕಡೆ ಗೋಡೆಯೇ ಬೆವರುತ್ತದೆ. ಕಂಡೆನ್ಸರ್ ಮೈಕಿನೊಳಗೆ ತೆಳು ಪೊರೆಯೂ ಅದರ ಹಿಂದಿನ ತಟ್ಟೆಯೂ ಕೂದಲೆಳೆಯಷ್ಟು ಅಂತರದಲ್ಲಿ ವಿದ್ಯುದಾವೇಶ ಹಿಡಿದು ಕೂತಿರುತ್ತವೆ. ಅಲ್ಲಿ ತೇವ ಕೂತರೆ ಆವೇಶ ಸೋರುತ್ತದೆ; ಎಣ್ಣೆಗೆ ಸಾಸಿವೆ ಹಾಕಿದಂತೆ ಸಿಡಿಯುವ ಸದ್ದು ಕೇಳುತ್ತದೆ. ಮೇಲೆ ಹೇಳಿದ ಮುಳ್ಳುಗಳು ಇವೇ. ಅದೇ ಕೇಬಲ್, ಅದೇ ಚಾನೆಲ್‌ಗೆ ಡೈನಮಿಕ್ ಮೈಕ್ ಹಚ್ಚಿ ನೋಡಿ. ಸದ್ದು ನಿಂತರೆ ಹೆಚ್ಚಾಗಿ ತೇವವೇ ಕಾರಣ. ಮೈಕನ್ನು ಬೆಚ್ಚಗಿನ ಒಣ ಜಾಗದಲ್ಲಿ ಒಂದು ರಾತ್ರಿ ಇಟ್ಟರೆ ಹೆಚ್ಚಾಗಿ ಸರಿಹೋಗುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ. ಮಲೆನಾಡಿನ ಮನೆಯಲ್ಲಿ ಒಣಗಬೇಕಾದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುವುದು ರೂಢಿ. ಮೈಕ್ ಮಾತ್ರ ಹೋಗಬಾರದು, ಹೊಗೆಯ ಜಿಡ್ಡು ಪೊರೆಗೆ ಅಂಟಿದರೆ ಬಿಡಿಸಲಾಗದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್‌ನ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ. ತಿರುಗಿಸಿದಾಗ ಮಾತ್ರ ಗರಗರ ಎನ್ನುವ ಗುಂಡಿಗೆ, ಕಿಲುಬು ಹಿಡಿದ ಕೇಬಲ್ ತೂತಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

‘ಗುಂಯ್’ ಎಂಬ ಎಡೆಬಿಡದ ಸದ್ದು 50 ಹರ್ಟ್ಸ್‌ನ ಕರೆಂಟಿನದ್ದು. ಚಾರ್ಜರ್ ಕಿತ್ತಾಗ ಅದು ನಿಂತರೆ ಅರ್ಥಿಂಗ್ ದೋಷ ಅಥವಾ ಚಾರ್ಜರ್ ದೋಷ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಸದ್ದು ನಿಲ್ಲಿಸಲೆಂದು ಮೂರನೆಯ ಪಿನ್ ಮುರಿಯುವುದು ಜೀವಕ್ಕೆ ಅಪಾಯ, ಎಂದೂ ಮಾಡಬೇಡಿ. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಗುರ್ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿರಬಹುದು. ಸ್ಟುಡಿಯೊ ಕೋಣೆಗೆ ಸೈನ್ ವೇವ್ ಬೇಕು. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡಿ.

ಎಲ್ಲ ಸರಿಮಾಡಿದ ಮೇಲೆ ಒಂದು ಪರೀಕ್ಷೆ. ನಿಮ್ಮ ಅತಿ ಭಾರದ ಸೆಷನ್ ತೆರೆದು, ಎಲ್ಲ ಟ್ರ್ಯಾಕ್ ರೆಕಾರ್ಡಿಗೆ ಸಜ್ಜುಮಾಡಿ, ಪಕ್ಕದಲ್ಲಿ ಪಿಡಬ್ಲ್ಯು-ಟಾಪ್ ಇಟ್ಟುಕೊಂಡು 20 ನಿಮಿಷ ಓಡಿಸಿ. ಹತ್ತನೆಯ ನಿಮಿಷಕ್ಕೆ ಚಾರ್ಜರ್ ಎಳೆಯಿರಿ. ಸೆಷನ್ ತೆರೆಯುವಾಗ ಒಂದೆರಡು ತಪ್ಪು ಎಣಿಕೆಯಾಗಿದ್ದರೆ ಪರವಾಗಿಲ್ಲ, ಆ ಹೊತ್ತಿಗೆ ಆಗಿಯೇ ಆಗುತ್ತದೆ. ಆಮೇಲಿನ ಇಪ್ಪತ್ತು ನಿಮಿಷವೂ ಆ ಅಂಕಿ ಕದಲದೆ ನಿಂತರೆ ಭಾಗವತರಿಗೆ ಬರಹೇಳಬಹುದು.